ಎ5 ಚೌಕುಳಿ ನೋಟ್‌ಬುಕ್: ಮೂರು ಚೌಕದ ತಕರಾರು

ಎರಡು ವರ್ಷದ ಬಳಕೆ, ಈಗ ನಾಲ್ಕನೇ ಪುಸ್ತಕ. ಗೇಮ್ ಆಡುತ್ತಾ ಕೈಯಲ್ಲೇ ನಕ್ಷೆ ಬರೆಯುವವರಿಗಾಗಿ ಈ ಮಾತು. ಹಾಳೆ ಎಷ್ಟು, ರಟ್ಟು ಯಾವ ಬಣ್ಣ ಎಂಬುದೆಲ್ಲ ಪ್ಯಾಕೆಟ್ಟಿನ ಮೇಲೇ ಇದೆ, ಬಿಡಿ.

ಎ5 ಹಾಳೆಯ ಅಗಲ 148 ಮಿ.ಮೀ. 5 ಮಿ.ಮೀ. ಚೌಕವೆಂದರೆ ಅಂಚಿನಿಂದ ಅಂಚಿಗೆ ಎಳೆದರೂ ಅಡ್ಡಕ್ಕೆ 29. 1981ರ ವಿಝರ್ಡ್ರಿ ಎಂಬ ನೆಲಮಾಳಿಗೆ ಸುತ್ತುವ ಕಂಪ್ಯೂಟರ್ ಆಟದಲ್ಲಿ ಒಂದೊಂದು ಮಹಡಿ 20×20 ಚೌಕ, ಸಲೀಸಾಗಿ ಕೂರುತ್ತದೆ. ಅದೇ ಬಗೆಯ 2012ರ ಆಟ ಲೆಜೆಂಡ್ ಆಫ್ ಗ್ರಿಮ್‌ರಾಕ್‌ನದು 32×32. ಮೂರೇ ಮೂರು ಚೌಕ ಸಾಲದು! ಎದುರು ಪುಟಕ್ಕೆ ದಾಟಿದರೆ ನಡುಮಡಿಕೆ ಒಂದೆರಡು ಕಂಬಸಾಲು ನುಂಗುತ್ತದೆ. ಸಾಲದ್ದಕ್ಕೆ ಎರಡೂ ಪುಟದ ಗೆರೆಗಳು ಒಂದಕ್ಕೊಂದು ಕೂಡುವುದೇ ಇಲ್ಲ, ಅರ್ಧ ಚೌಕ ಮೇಲೆ ಕೆಳಗೆ. ಚೌಕುಳಿ ಪುಸ್ತಕದಲ್ಲಿ ಅದೊಂದು ತಪ್ಪಬಾರದಿತ್ತು.

ಸುಧಾರಿಸಿಕೊಳ್ಳುವ ದಾರಿ ಇದೆ. ಕಂಬಸಾಲುಗಳಿಗೆ 0ಯಿಂದ ಸಂಖ್ಯೆ ಕೊಟ್ಟು ಎಡಪುಟದಲ್ಲಿ 0ರಿಂದ 15, ಬಲಪುಟದಲ್ಲಿ 15ರಿಂದ 31. 15 ಸಂಖ್ಯೆಯ ಕಂಬಸಾಲನ್ನು ಎರಡೂ ಕಡೆ ಬರೆಯಬೇಕು, ಅದನ್ನು ದಾಟುವ ದಾರಿಗಳಿಗೆ ಕ, ಖ, ಗ ಗುರುತು ಹಾಕಬೇಕು. ಮಡಿಕೆಯ ಪಕ್ಕ ಉಳಿಯುವ ಖಾಲಿ ಜಾಗ ಚಿಹ್ನೆಗಳ ಪಟ್ಟಿಗಾಯಿತು.

ಗೆರೆಯ ಗಾಢ ನೀಲಿ ಇನ್ನೊಂದು ಕಿರಿಕಿರಿ. ಗ್ರಿಮ್‌ರಾಕ್‌ನಲ್ಲಿ ಗೋಡೆಯೇ ಒಂದು ಚೌಕ, ಹಾಗಾಗಿ ತೊಂದರೆಯಿಲ್ಲ. ಓರೆಗೆರೆ ಎಳೆದರೆ ಸಾಕು. ಪೂರ್ತಿ ತುಂಬಿದರೆ ಸೀಸ ಎದುರು ಪುಟಕ್ಕೆ ಮೆತ್ತಿಕೊಳ್ಳುತ್ತದೆ. ವಿಝರ್ಡ್ರಿಯಲ್ಲಿ ಗೋಡೆ ಬರುವುದು ಚೌಕದ ಅಂಚಿನ ಮೇಲೆ, ಅಂದರೆ ಅಚ್ಚಾದ ಗೆರೆಯ ಮೇಲೇ. 0.5ರ ಎಚ್‌ಬಿ ಪೆನ್ಸಿಲ್ ಅಲ್ಲಿ ಕಾಣೆಯಾಗುತ್ತದೆ. 0.7ರ 2ಬಿ ಹಿಡಿಯಿರಿ. ಪೆನ್ನು ಬೇಡವೇ ಬೇಡ: ಗೊತ್ತಾಗದಂತೆ ದಿಕ್ಕು ತಿರುಗಿಸುವ ಚೌಕಕ್ಕೆ ಒಮ್ಮೆ ಕಾಲಿಟ್ಟರೆ ಮುಂದೆ ಬರೆದದ್ದೆಲ್ಲ ತಪ್ಪು. ಸಂಶಯ ಬಂದಲ್ಲಿ ಆಟದೊಳಗೆ ನಿಂತ ಜಾಗ ತಿಳಿಸುವ ಡುಮಾಪಿಕ್ ಮಂತ್ರ ಹಾಕಿ, ಮೆಟ್ಟಿಲಿನಿಂದ ಪೂರ್ವಕ್ಕೆಷ್ಟು, ಉತ್ತರಕ್ಕೆಷ್ಟು ಎಂದು ಹಾಳೆಗೆ ತಾಳೆ ನೋಡಬೇಕು. ಇಪ್ಪತ್ತೊಂದನೇ ಚೌಕ ಬಂತೆಂದರೆ ನಕ್ಷೆ ಬೆಳೆದಿಲ್ಲ; ಅಂಚು ದಾಟಿ ಆಚೆ ಬದಿಯಿಂದ ಒಳಬಂದಿದ್ದೀರಿ.

ಇಷ್ಟು ಬೈದ ಮೇಲೂ ನಾಲ್ಕನೆಯದನ್ನು ಕೊಂಡದ್ದು ಹಿಂಬದಿಯ ಪುಟಗಳಿಗಾಗಿ. ಪುಸ್ತಕ ತಿರುವಿ ಹಿಂದಿನಿಂದ ಟಿಪ್ಪಣಿ ಶುರು. ಆಟ ನಿಲ್ಲಿಸುವ ಮುನ್ನ ಮೂರು ಸಾಲು: ಎಲ್ಲಿ ನಿಂತಿದೆ, ಯಾವ ದಿಕ್ಕಿಗೆ ಮುಖ, ಮುಂದೆ ಏನು ಮಾಡಬೇಕೆಂದಿತ್ತು. ಕೊನೆಯ ಸಾಲೇ ಮುಖ್ಯ. ಮೊದಲೆರಡನ್ನು ಸೇವ್ ಫೈಲೂ ಹೇಳುತ್ತದೆ. ತೆರೆಯದ ಬಾಗಿಲಿಗೆ ಖಾಲಿ ಚೌಕ ಬರೆದು ಪಕ್ಕದಲ್ಲಿ ನಕ್ಷೆಯ ಪುಟಸಂಖ್ಯೆ, ತೆರೆದ ದಿನ ಚೌಕಕ್ಕೆ ಅಡ್ಡಗೆರೆ. ಪುಟಸಂಖ್ಯೆ ಅಚ್ಚಾಗಿ ಬರುವುದಿಲ್ಲ, ಮೊದಲ ದಿನವೇ ಕೈಯಲ್ಲಿ ಬರೆದುಬಿಡಿ. ಮೂರು ವಾರ ಬಿಟ್ಟು ಬಂದರೂ ಆ ಖಾಲಿ ಚೌಕಗಳ ಸಾಲು ನೋಡಿದೊಡನೆ ಕೈ ಕೀಲಿಮಣೆಗೆ ಹೋಗುತ್ತದೆ. ಹೊಲಿಗೆಯೂ ಗಟ್ಟಿ, ಪುಸ್ತಕ ಮೇಜಿನ ಮೇಲೆ ತೆರೆದೇ ಮಲಗುತ್ತದೆ, ಒತ್ತಿ ಹಿಡಿಯಬೇಕಿಲ್ಲ.

ಐದಕ್ಕೆ ಮೂರೂವರೆ. ಗ್ರಿಮ್‌ರಾಕ್‌ಗೆ ಮಾತ್ರ ಎ4 ಬಿಡಿಹಾಳೆಯೇ ಸರಿ, ಅಡ್ಡಕ್ಕೆ 42 ಚೌಕ ಸಿಗುತ್ತದೆ. ಅದನ್ನು ಮಡಚಿ ಇದೇ ಪುಸ್ತಕದ ಹಿಂರಟ್ಟಿನೊಳಗೆ ಇಡಬಹುದು.