ನೌಕೆಯ ಸ್ವಂತ ನಿರ್ಧಾರ: ಬರೆದ ಮಾದರಿಯೋ, ಯಂತ್ರಕಲಿಕೆಯೋ?

ಕೊಡಗಿನಲ್ಲಿ ಎಂಜಿನಿಯರಿಂಗ್ ಓದುತ್ತ, ಅಂತಿಮ ವರ್ಷದ ಪ್ರಾಜೆಕ್ಟಿಗೆ ಬಾಹ್ಯಾಕಾಶ ನೌಕೆಗಳ ಸ್ವಯಂಚಾಲನೆಯನ್ನು ಆರಿಸಿಕೊಂಡವರ ಮುಂದೆ ಎರಡು ದಾರಿಗಳಿವೆ: ನೌಕೆ ಹೇಗೆ ಕೆಲಸ ಮಾಡುತ್ತದೆಂಬ ಮಾದರಿಯನ್ನೂ ನಿಯಮಗಳನ್ನೂ ಬರೆದುಕೊಟ್ಟು ಯೋಜನೆ ಹೆಣೆಸುವುದು, ಇಲ್ಲವೇ ದತ್ತಾಂಶದಿಂದ ಯಂತ್ರವೇ ಕಲಿಯುವಂತೆ ಮಾಡುವುದು.

ಮೊದಲನೆಯದಕ್ಕೆ ನಾಸಾದ ಡೀಪ್ ಸ್ಪೇಸ್ 1 ನೌಕೆ ಒಳ್ಳೆಯ ನಿದರ್ಶನ. 1999ರ ಮೇ ತಿಂಗಳಲ್ಲಿ ಅದರ ರಿಮೋಟ್ ಏಜೆಂಟ್ ತಂತ್ರಾಂಶವು ಭೂಮಿಯಿಂದ ಗುರಿಗಳನ್ನಷ್ಟೇ ಪಡೆದು ಮುಂದಿನ ಯೋಜನೆಯನ್ನು ತಾನೇ ರೂಪಿಸಿತು; ನಡುವೆ ಅದರ ಪ್ರಕ್ರಿಯೆಗಳು ಒಂದಕ್ಕೊಂದು ಕಾಯುತ್ತ ನಿಂತುಬಿಟ್ಟಾಗ ತಂಡವು ದೋಷದ ಮೂಲವನ್ನು ಬೇಗನೆ ಪತ್ತೆಹಚ್ಚಿತು. ನಿರ್ಧಾರದ ಜಾಡು ಹಿಡಿಯಬಹುದಾದದ್ದೇ ಈ ವಿಧಾನದ ಬಲ.

ಯಂತ್ರಕಲಿಕೆ ಗೆಲ್ಲುವುದು ನಿಯಮಕ್ಕೆ ಸಿಗದ ನೋಟಗಳಲ್ಲಿ. 2020ರಲ್ಲಿ ಹಾರಿದ ಯುರೋಪಿನ ಫೈಸ್ಯಾಟ್-1 ಉಪಗ್ರಹ, ಮೋಡ ಮುಚ್ಚಿದ ಚಿತ್ರಗಳನ್ನು ಕಕ್ಷೆಯಲ್ಲೇ ಗುರುತಿಸಲು ನರಜಾಲವನ್ನು (ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್) ಬಳಸಿತು. ಜುಲೈನಲ್ಲಿ ಬ್ರಹ್ಮಗಿರಿ, ತಡಿಯಂಡಮೋಳ್ ಬೆಟ್ಟಗಳ ಉಪಗ್ರಹ ಚಿತ್ರ ತೆರೆದು ನೋಡಿದವರಿಗೆ, ಬರೀ ಬಿಳುಪನ್ನು ಭೂಮಿಗೆ ಇಳಿಸುವುದು ಎಷ್ಟು ದಂಡವೆಂದು ಹೇಳಬೇಕಾಗಿಲ್ಲ. ಆದರೆ ತರಬೇತಿಯಲ್ಲಿ ಕಾಣದ ಸನ್ನಿವೇಶದಲ್ಲಿ ನರಜಾಲ ತಪ್ಪು ಉತ್ತರವನ್ನೂ ಪೂರ್ಣ ವಿಶ್ವಾಸದಿಂದ ಕೊಡಬಹುದು. ನೌಕೆಯನ್ನು ತಳ್ಳುವ ಥ್ರಸ್ಟರ್ ಉರಿಸುವ ಹೊಣೆಯನ್ನು ಅದೊಂದಕ್ಕೇ ವಹಿಸಲು ನಾನಂತೂ ಒಪ್ಪಲಾರೆ.

ಒಂದೇ ಸೆಮಿಸ್ಟರ್ ಇರುವವರು ಮೋಡ ಗುರುತಿಸುವುದನ್ನಷ್ಟೇ ಕಲಿಕೆಗೆ ಬಿಟ್ಟು, ಯಾವ ಚಿತ್ರವನ್ನು ಯಾವಾಗ ತೆಗೆಯಬೇಕೆಂಬುದನ್ನು ಬ್ಯಾಟರಿ ಮತ್ತು ಮೆಮೊರಿಯ ಮಿತಿಗಳನ್ನು ಬರೆದಿಟ್ಟ ಯೋಜಕ ತಂತ್ರಾಂಶಕ್ಕೆ ಒಪ್ಪಿಸುವುದು ಮೇಲು. ಅಭ್ಯಾಸಕ್ಕೆ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿಯೇ ಸಿಗುತ್ತವೆ.