ಟ್ರೆಬಲ್ ಬಿಚ್ಚಿ ಸಿಂಗಲ್ ಹಾಕಿ: ಕಯಾಕ್ ಗಾಳಕ್ಕೆ ಇನ್‌ಲೈನ್ ಹುಕ್‌ಗಳು ಹೇಗಿವೆ?

ಕಯಾಕ್‌ನಲ್ಲಿ ಕೂತು ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಸೆಯುವವರು ರಾಡ್ ಹೋಲ್ಡರ್, ಫಿಶ್ ಫೈಂಡರ್, ಕ್ರೇಟ್ ಎಂದು ಸಾವಿರಗಟ್ಟಲೆ ಸುರಿಯುವ ಮುನ್ನ ಕೊಳ್ಳಬೇಕಾದ್ದು ಒಂದು ಪ್ಯಾಕೆಟ್ ಇನ್‌ಲೈನ್ ಸಿಂಗಲ್ ಹುಕ್, ಅಂದರೆ ಲೂರ್‌ಗೆ ನೇರವಾಗಿ ನಿಲ್ಲುವ ಒಂಟಿ ಮೊನೆಯ ಗಾಳ. ಒಳ್ಳೆಯ ಲೂರ್ ಒಂದರ ಬೆಲೆಗಿಂತ ಕಡಿಮೆಗೆ ಬರುತ್ತದೆ. ನಮ್ಮ ಕರಾವಳಿಯ ಕೋಡಿ ಬೆಂಗ್ರೆಯ ಅಳಿವೆ, ಗಂಗೊಳ್ಳಿಯ ಪಂಚಗಂಗಾವಳಿ, ಅಘನಾಶಿನಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚು ಇಂಥ ಕಡೆ ಕೆಂಬೇರಿ, ಬಾರಾಮುಂಡಿ ಮೀನು ಹಿಡಿಯಲು ಬಳಸುವ 9ರಿಂದ 12 ಸೆಂ.ಮೀ. ಉದ್ದದ ಮಿನ್ನೋ (ಪುಟ್ಟ ಮೀನಿನ ಆಕಾರದ) ಲೂರ್‌ಗಳನ್ನು ಮನಸ್ಸಿನಲ್ಲಿಟ್ಟು ಈ ವಿಮರ್ಶೆ ಬರೆದಿದ್ದೇವೆ.

ಅಂಗಡಿಯಿಂದ ಬರುವ ಮಿನ್ನೋಗೆ ಸಾಮಾನ್ಯವಾಗಿ ಮೂರು ಮೊನೆಯ ಎರಡು ಟ್ರೆಬಲ್ ಹುಕ್, ಅಂದರೆ ಆರು ಮೊನೆ. ಮೀನಿನ ಬಾಯಿಗೆ ನಾಟಿಕೊಳ್ಳುವುದು ಒಂದೋ ಎರಡೋ. ಉಳಿದವು ಯಾರ ಮೈ ಸಿಕ್ಕರೂ ಬಿಡುವುದಿಲ್ಲ. ದಡದಲ್ಲಾದರೆ ಎರಡು ಹೆಜ್ಜೆ ಹಿಂದೆ ಸರಿಯಬಹುದು. ಕಯಾಕ್‌ನಲ್ಲಿ ಕಾಲು ಚಾಚಿ ಕೂತವರ ಮಡಿಲಿಗೇ ಮೀನು ಬಂದು ಬೀಳುತ್ತದೆ. ಅದು ತಲೆ ಕೊಡವಿದಾಗ ಒಂದು ಮೊನೆ ಅಂಗೈಗೆ ಹೊಕ್ಕಿತೆನ್ನಿ, ಅದೇ ಲೂರ್‌ನ ಇನ್ನೊಂದು ಕೊನೆಯಲ್ಲಿ ಎರಡು ಕೆಜಿ ತೂಕದ ಮೀನು ಒದ್ದಾಡುತ್ತಿರುತ್ತದೆ. ಒಂದೇ ಕೈಯಲ್ಲಿ ಇಕ್ಕಳ ಹುಡುಕಬೇಕು, ದೋಣಿಯ ಸಮತೋಲವನ್ನೂ ಕಾಯಬೇಕು. ಇಂಥ ಗಡಿಬಿಡಿಯಲ್ಲಿ ಕಯಾಕ್ ಮಗುಚಲೂಬಹುದು.

ಹಾಗೆಂದು ಮನೆಯಲ್ಲಿರುವ ಯಾವುದೋ ಸಿಂಗಲ್ ಹುಕ್ ಸಿಕ್ಕಿಸಿದರೆ ಆಗದು. ಮಾಮೂಲಿ ಹುಕ್‌ನ ಕಣ್ಣು (ತುದಿಯ ತೂತು) ಅದರ ಬಾಗಿಗೆ ಅಡ್ಡವಾಗಿರುತ್ತದೆ. ಲೂರ್‌ಗೆ ಹುಕ್ ಜೋಡಿಸುವ ಸ್ಪ್ಲಿಟ್ ರಿಂಗ್‌ಗೆ (ಕೀ ಬಳೆಯಂಥ ಸುರುಳಿ) ಹಾಕಿದಾಗ ಮೊನೆ ಪಕ್ಕಕ್ಕೆ ತಿರುಗಿ ನಿಂತು, ಲೂರ್ ಒಂದೇ ಕಡೆಗೆ ವಾಲಿ ಈಜುತ್ತದೆ. ಇನ್‌ಲೈನ್ ಹುಕ್‌ನಲ್ಲಿ ಕಣ್ಣನ್ನು 90 ಡಿಗ್ರಿ ತಿರುಗಿಸಿರುವುದರಿಂದ ಬಾಗು ಲೂರ್‌ನ ಉದ್ದಕ್ಕೇ ನಿಲ್ಲುತ್ತದೆ. ಕಣ್ಣೂ ದೊಡ್ಡದು, ದಪ್ಪ ರಿಂಗ್ ಸಲೀಸಾಗಿ ಹೋಗುತ್ತದೆ. ಕೆಲವು ಲೂರ್‌ಗಳ ಹೊಟ್ಟೆಯ ಕೊಂಡಿ ಮಾತ್ರ ಅಡ್ಡಕ್ಕಿರುತ್ತದೆ. ಅಂಥಲ್ಲಿ ಒಂದರ ಬದಲು ಎರಡು ರಿಂಗ್ ಹಾಕಿದರೆ ಹುಕ್ ನೆಟ್ಟಗಾಗುತ್ತದೆ.

ವಿಎಂಸಿಯ 7237, ಬಿಕೆಕೆಯ ಲೋನ್ ಡಯಾಬ್ಲೊ, ಡಿಕಾಯ್‌ನ ಪ್ಲಗಿಂಗ್ ಸಿಂಗಲ್ 27 ಇವು ಈ ಜಾತಿಯ ಹೆಸರಾದ ಹುಕ್‌ಗಳು. ಬ್ರ್ಯಾಂಡ್‌ಗಿಂತ ನೋಡಬೇಕಾದ್ದು ತಂತಿಯ ದಪ್ಪ ಮತ್ತು ಲೇಪ. ಕಾಂಡ್ಲಾ ಬೇರಿನೊಳಗಿಂದ ಕೆಂಬೇರಿಯನ್ನು ಎಳೆಯಬೇಕಾದರೆ ದಪ್ಪ ತಂತಿಯೇ ಬೇಕು, ಸಪೂರದ್ದು ಬಾಯಿ ಬಿಚ್ಚಿಕೊಳ್ಳುತ್ತದೆ. ತೆರೆದ ನೀರಿನಲ್ಲಿ, ಹಗುರ ರಾಡ್‌ನಲ್ಲಿ ಸಪೂರ ತಂತಿ ಬೇಗ ನಾಟುತ್ತದೆ. ಉಪ್ಪುನೀರಿಗೆ ತವರದ ಲೇಪದ್ದು ಲೇಸು. ಕಪ್ಪು ನಿಕಲ್ ಲೇಪ ನೋಡಲು ಚೆಂದ, ಆದರೆ ಅಳಿವೆಯ ನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಅಳತೆಯ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಹುಕ್‌ನ ಸಂಖ್ಯೆ ಇಳಿದಷ್ಟೂ ಗಾತ್ರ ದೊಡ್ಡದು, 1ರ ನಂತರ 1/0, 2/0 ಎಂದು ಇನ್ನೂ ದೊಡ್ಡದಾಗುತ್ತದೆ. ಟ್ರೆಬಲ್ 4 ಇದ್ದ ಜಾಗಕ್ಕೆ ಸಿಂಗಲ್ 4 ಹಾಕಿದರೆ ಬಾಯಿ ಕಿರಿದಾಗಿ ಮೀನು ತಪ್ಪುತ್ತದೆ. ಟ್ರೆಬಲ್ 6ಕ್ಕೆ ಸಿಂಗಲ್ 2 ಅಥವಾ 1, ಟ್ರೆಬಲ್ 4ಕ್ಕೆ 1 ಅಥವಾ 1/0, ಟ್ರೆಬಲ್ 2ಕ್ಕೆ 1/0 ಅಥವಾ 2/0 ಇದು ಶುರುವಿಗೆ ಸಾಕಾಗುವ ಲೆಕ್ಕ. ಹುಕ್‌ನ ಬಾಯಿ (ಮೊನೆಗೂ ದಂಡಕ್ಕೂ ನಡುವಿನ ಅಂತರ) ಲೂರ್‌ನ ಮೈದಪ್ಪಕ್ಕಿಂತ ಕಡಿಮೆ ಇರಬಾರದು. ಹಾಗೆಯೇ ಮುಂದಿನ ಹುಕ್ ಹಿಂದಿನದಕ್ಕೆ ತಾಗಬಾರದು, ಮೂತಿಯ ಹತ್ತಿರದ ಲೀಡರ್‌ಗೂ (ದಾರದ ಕೊನೆಗೆ ಕಟ್ಟುವ ಗಟ್ಟಿ ತುಂಡಿಗೂ) ಎಟುಕಬಾರದು.

ಬದಲಾಯಿಸಲು ಸ್ಪ್ಲಿಟ್ ರಿಂಗ್ ಇಕ್ಕಳ ಬೇಕೇ ಬೇಕು, ಉಗುರಿನಿಂದ ಬಿಡಿಸುವ ಸಾಹಸ ಬೇಡ. ರಿಂಗ್‌ನ ಬಾಯಿ ತೆರೆದು, ಹಳೆಯ ಟ್ರೆಬಲ್ ಹೊರಬರುತ್ತಿರುವಾಗಲೇ ಅದರ ಹಿಂದೆ ಸಿಂಗಲ್ ಹುಕ್ ತೂರಿಸಿದರೆ ರಿಂಗ್ ಎರಡು ಸಲ ಅಗಲವಾಗುವುದು ತಪ್ಪುತ್ತದೆ. ಹೊಟ್ಟೆಯ ಹುಕ್‌ನ ಮೊನೆ ಲೂರ್‌ನ ಮೂತಿಯ ಕಡೆಗೆ, ಬಾಲದ್ದು ಮೇಲಕ್ಕೆ. ಬಾಲದ ಮೊನೆ ಕೆಳಗಿದ್ದರೆ ಬೇರು, ಬಂಡೆಗೆ ಸಿಕ್ಕಿಕೊಳ್ಳುವುದು ಜಾಸ್ತಿ. ಕೊನೆಗೆ ಬಾರ್ಬ್ ಅನ್ನು (ಮೊನೆಯ ಬಳಿಯ ಹಿಮ್ಮುಖ ಮುಳ್ಳನ್ನು) ಇಕ್ಕಳದಿಂದ ಮೆಲ್ಲಗೆ ಒತ್ತಿ ಮಲಗಿಸಿ. ಒಮ್ಮೆಲೇ ಅಮುಕಿದರೆ ಮೊನೆಯೇ ಮುರಿದೀತು.

ಇನ್ನು ತೂಕ. ನೀರಿನ ನಡುವೆ ನಿಲ್ಲುವ ಸಸ್ಪೆಂಡಿಂಗ್ ಲೂರ್‌ಗಳಲ್ಲಿ ಅರ್ಧ ಗ್ರಾಂ ವ್ಯತ್ಯಾಸವೂ ಆಟ ಕೆಡಿಸುತ್ತದೆ. ಚಿನ್ನ ತೂಗುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೆಗೆದ ಟ್ರೆಬಲ್‌ಗಳನ್ನೂ ಹಾಕುವ ಸಿಂಗಲ್‌ಗಳನ್ನೂ ತೂಗಿ ನೋಡಿ. ಕಡಿಮೆ ಬಿದ್ದರೆ ದಪ್ಪ ರಿಂಗ್ ಹಾಕಿ, ಇಲ್ಲವೇ ಹೊಟ್ಟೆಗೆ ಸೀಸದ ಪಟ್ಟಿ ಅಂಟಿಸಿ. ಮನೆಯ ಬಕೆಟ್‌ನ ಸಿಹಿನೀರಿನಲ್ಲಿ ಪರೀಕ್ಷೆ ಮಾಡಿ ಸಮಾಧಾನಪಟ್ಟುಕೊಳ್ಳಬೇಡಿ. ಸಮುದ್ರದ ನೀರು ಸುಮಾರು 2.5% ಹೆಚ್ಚು ಸಾಂದ್ರ, 13 ಗ್ರಾಂ ಲೂರ್‌ಗೆ ಅದು 0.3 ಗ್ರಾಂನಷ್ಟು ಎತ್ತುವ ಬಲ. ಮಳೆ ನಿಂತ ಹೊಸದರಲ್ಲಿ ಸಿಹಿಯಾಗಿರುವ ಹೊಳೆಯ ಮೇಲ್ನೀರಲ್ಲಿ ಸರಿಯಾಗಿ ನಿಂತ ಲೂರ್, ಏಪ್ರಿಲ್‌ನ ಉಪ್ಪುನೀರಲ್ಲಿ ನಿಧಾನಕ್ಕೆ ಮೇಲೇಳುವುದು ಇದೇ ಕಾರಣಕ್ಕೆ.

ಮೀನು ತಪ್ಪುವುದಿಲ್ಲವೇ? ಸ್ವಲ್ಪ ತಪ್ಪುತ್ತದೆ. ಮೇಲ್ನೀರಲ್ಲಿ ಸದ್ದು ಮಾಡುತ್ತ ಸಾಗುವ ಪಾಪರ್ ಲೂರ್‌ಗೆ ಪಕ್ಕದಿಂದ ಬಡಿಯುವ ಮೀನು ಟ್ರೆಬಲ್‌ಗೆ ಸಿಕ್ಕಷ್ಟು ಸಿಂಗಲ್‌ಗೆ ಸಿಗದು. 7 ಸೆಂ.ಮೀ.ಗಿಂತ ಚಿಕ್ಕ ಲೂರ್‌ಗಳಲ್ಲಂತೂ ಈ ಬದಲಾವಣೆ ಆಟವನ್ನೇ ಕೆಡಿಸುವ ಸಾಧ್ಯತೆ ಹೆಚ್ಚು, ಅಲ್ಲಿ ಟ್ರೆಬಲ್ ಉಳಿಸಿಕೊಂಡು ಬಾರ್ಬ್ ಮಾತ್ರ ಒತ್ತಿದರೆ ಸಾಕು. ಆದರೆ ಬಾರಾಮುಂಡಿಯಂಥ ಗಟ್ಟಿ ಬಾಯಿಗೆ ಎಳೆತದ ಬಲವೆಲ್ಲ ಒಂದೇ ಮೊನೆಗೆ ಬೀಳುವುದರಿಂದ ಸಿಂಗಲ್ ಆಳಕ್ಕೆ ಇಳಿಯುತ್ತದೆ, ಒಮ್ಮೆ ಇಳಿದದ್ದು ಬಿಡುವುದು ಕಡಿಮೆ. ಕಡಿತ ಸಿಕ್ಕಾಗ ರಾಡ್ ಅನ್ನು ಪಕ್ಕಕ್ಕೆ ಬೀಸಿ ಜಗ್ಗಬೇಡಿ. ದಾರ ಬಿಗಿಯಾಗುವವರೆಗೆ ರೀಲ್ ಸುತ್ತಿ, ಆಮೇಲೆ ಒಂದೇ ಹದದಲ್ಲಿ ಎಳೆಯಿರಿ.

ಹುಕ್ ಬದಲಿಸಿದ ಮೇಲೆ ಡ್ರ್ಯಾಗ್ ಕೂಡ, ಅಂದರೆ ಮೀನು ಎಳೆದಾಗ ದಾರ ಬಿಟ್ಟುಕೊಡುವ ರೀಲ್‌ನ ಬಿಗಿಯನ್ನು, ಹೊಂದಿಸಲೇಬೇಕು. 20 ಪೌಂಡ್ ಬ್ರೇಡ್ (ಹೆಣೆದ ದಾರ) ತಡೆಯುವುದು ಸುಮಾರು 9 ಕೆಜಿ, ಡ್ರ್ಯಾಗ್ ಅದರ ಕಾಲು ಭಾಗಕ್ಕೆ, ಅಂದರೆ ಸುಮಾರು 2.2 ಕೆಜಿಗೆ ಇರಲಿ. ರಾಡ್ ಅನ್ನು 45 ಡಿಗ್ರಿ ಎತ್ತಿ, ದಾರದ ತುದಿಯನ್ನು ಲಗೇಜ್ ತೂಗುವ ಸ್ಕೇಲ್‌ಗೆ ಕಟ್ಟಿ ಎಳೆದರೆ ಅಂದಾಜಿನ ಕಾಟವಿಲ್ಲ. ಕಯಾಕ್ ತಾನೇ ಮೀನಿನ ಹಿಂದೆ ಸಾಗುವುದರಿಂದ ಇನ್ನೂ ಸಡಿಲ ಇದ್ದರೂ ನಡೆಯುತ್ತದೆ. ಕೆಂಬೇರಿ ಬೇರಿಗೆ ನುಗ್ಗುತ್ತದೆಂದು ಡ್ರ್ಯಾಗ್ ಪೂರ್ತಿ ಬಿಗಿದು ಕೂತರೆ, ಅದು ಅಡ್ಡಕ್ಕೆ ಓಡಿದಾಗ ವಾಲುವುದು ನೀವು. ರಾಡ್ ತುದಿಯನ್ನು ಕಯಾಕ್‌ನ ಮೂತಿಯ ಕಡೆಗೆ ತಿರುಗಿಸಿದರೆ ದೋಣಿಯೇ ತಿರುಗಿ ಮೀನನ್ನು ಹಿಂಬಾಲಿಸುತ್ತದೆ. ಮೀನು ದೋಣಿಯ ಅಡಿಗೆ ನುಗ್ಗಿದಾಗ ದಾರವನ್ನು ಮೂತಿ ದಾಟಿಸಿ ಆಚೆ ಬದಿಗೆ ತರಲು 7 ಅಡಿಯ ರಾಡ್ ಬೇಕು, ಐದೂವರೆ ಅಡಿಯದ್ದು ಎಟುಕದು. ಲಂಗರು ಹಾಕುವುದಾದರೆ ಮೂತಿಯಿಂದ ಅಥವಾ ಹಿಂಬದಿಯಿಂದ. ಇಳಿತದ ಸೆಳೆತದಲ್ಲಿ ಮಗ್ಗುಲಿನಿಂದ ಹಾಕಿದ ಲಂಗರು ಕಯಾಕ್ ಅನ್ನು ಮಗುಚಿಯೇ ಬಿಡುತ್ತದೆ.

ಜೊತೆಗೆ ಬೇಕಾದ್ದು ಎರಡೇ ಸಾಮಾನು. ಗಿಡ್ಡ ಹಿಡಿಯ ರಬ್ಬರ್ ಬಲೆ ಮತ್ತು ಮೀನಿನ ತುಟಿ ಹಿಡಿಯುವ, ತೇಲುವ ಲಿಪ್ ಗ್ರಿಪ್. ನೂಲಿನ ಬಲೆಗೆ ಹುಕ್ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಉಬ್ಬರವೇ ಇಳಿದಿರುತ್ತದೆ. ಬಾರಾಮುಂಡಿಯ ಕಿವಿರಿನ ಮುಚ್ಚಳ ಹರಿತ, ಕೆಂಬೇರಿಗೆ ಕೋರೆಹಲ್ಲು, ತೇಡೆಯ (ಕ್ಯಾಟ್‌ಫಿಶ್) ಬೆನ್ನಿನಲ್ಲೂ ಪಕ್ಕದಲ್ಲೂ ವಿಷದ ಮುಳ್ಳು. ಬರಿಗೈಗೆ ಇಲ್ಲಿ ಕೆಲಸವಿಲ್ಲ. ರಾಡ್ ಲೀಶ್ ಅನ್ನು (ರಾಡ್ ನೀರುಪಾಲಾಗದಂತೆ ಹಿಡಿಯುವ ಹಗ್ಗ) ಕಯಾಕ್‌ಗೆ ಕಟ್ಟಿ, ಮೈಗೆ ಎಂದೂ ಕಟ್ಟಬೇಡಿ. ಲೈಫ್ ಜಾಕೆಟ್‌ನಲ್ಲಿ ಕೈಗೆಟುಕುವಂತೆ ಒಂದು ಚಾಕು ಇರಲಿ.

ಇಷ್ಟಾದರೂ ಹುಕ್ ಕೈಗೆ ಹೊಕ್ಕರೆ, ಮೊದಲು ಲೀಡರ್ ಕತ್ತರಿಸಿ, ಆಮೇಲೆ ಮೀನನ್ನು ಲೂರ್‌ನಿಂದ ಬಿಡಿಸಿ. ಬಾರ್ಬ್ ಒತ್ತಿದ್ದರೆ ಹುಕ್ ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ಕಣ್ಣು, ಕುತ್ತಿಗೆ, ಕೀಲಿನ ಹತ್ತಿರ ನಾಟಿದ್ದರೆ ಮುಟ್ಟದೆ ಆಸ್ಪತ್ರೆಗೆ ಹೋಗಿ. ಎಲ್ಲಿ ನಾಟಿದ್ದರೂ ಗಾಯ ತೊಳೆದು, ಟಿಟಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಮೊದಲ ಸಲ ಕೊಳ್ಳುವವರು 1 ಮತ್ತು 1/0 ಅಳತೆಯ ತಲಾ ಒಂದು ಪ್ಯಾಕೆಟ್, ಅದಕ್ಕೆ ಹೊಂದುವ ರಿಂಗ್ ತೆಗೆದುಕೊಂಡು, ಹೆಚ್ಚು ಬಳಸುವ ಎರಡು ಲೂರ್‌ಗಳನ್ನು ಮಾತ್ರ ಬದಲಾಯಿಸಿ ನೋಡಲಿ. ಬಿಚ್ಚಿದ ಟ್ರೆಬಲ್‌ಗಳನ್ನು ಎಸೆಯಬೇಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟರೆ ದಡದಿಂದ ಪಾಪರ್ ಎಸೆಯುವ ದಿನಕ್ಕೆ ಬರುತ್ತವೆ.