ಉಡುಪಿಯ ಮಳೆಗೆ ಎರಡು ಸೀಟಿನ ಕಾರು: ಝಡ್4, ಎಸ್‌ಎಲ್‌ಕೆ, ಬಾಕ್ಸ್‌ಸ್ಟರ್

ಟಾಪ್ ತೆರೆಯುವ ಕಾರನ್ನು ನಮ್ಮೂರಲ್ಲಿ ಟಾಪ್ ತೆರೆದು ಓಡಿಸುವುದು ಯಾವಾಗ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಮಾರ್ಚ್ ಬಂತೆಂದರೆ ಸೆಕೆ. ಉಳಿಯುವುದು ನವೆಂಬರ್‌ನಿಂದ ಫೆಬ್ರವರಿ, ಅದರಲ್ಲೂ ಬೆಳಿಗ್ಗೆ ಮತ್ತು ಸಂಜೆ. ಮಿಕ್ಕ ದಿನವೆಲ್ಲ ಟಾಪ್ ಮುಚ್ಚಿಯೇ ಇರುತ್ತದೆ. ಅದರ ಮೇಲೆ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಹಾಗಾಗಿ ಉಡುಪಿ, ಮಂಗಳೂರಿನವರು ಹಳೆಯ ಸ್ಪೋರ್ಟ್ಸ್ ಕಾರು ನೋಡಲು ಹೋದರೆ ಬಾನೆಟ್ ಆಮೇಲೆ ಎತ್ತಿ, ಮೊದಲು ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ.

ನಾನು ಓಡಿಸಿ ನೋಡಿದ್ದು 2011ರ ಬಿಎಂಡಬ್ಲ್ಯು ಝಡ್4 35ಐ, 2012ರ ಮರ್ಸಿಡಿಸ್ ಎಸ್‌ಎಲ್‌ಕೆ 350 ಮತ್ತು 2010ರ ಪೋರ್ಷೆ ಬಾಕ್ಸ್‌ಸ್ಟರ್. ಮೊದಲ ಎರಡಕ್ಕೂ 306 ಹಾರ್ಸ್‌ಪವರ್, ಎರಡಕ್ಕೂ ಮಡಚಿ ಡಿಕ್ಕಿಗೆ ಸೇರುವ ಗಟ್ಟಿ ಟಾಪ್. ಬಾಕ್ಸ್‌ಸ್ಟರ್ 2.9 ಲೀಟರಿನದು, 255 ಹಾರ್ಸ್‌ಪವರ್, ಬಟ್ಟೆಯ ಟಾಪ್.

ಝಡ್4 ನೋಡಲು ಮೂರರಲ್ಲೂ ಚಂದ. ಉದ್ದ ಬಾನೆಟ್, ನಾವು ಕೂರುವುದು ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೆಯೇ. ಪಡುಬಿದ್ರಿಯಿಂದ ಕಾಪುವಿನ ಕಡೆ ಹೈವೇಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಎರಡು ಟರ್ಬೋ ಒಟ್ಟಿಗೆ ಎದ್ದು ಬೆನ್ನಿಗೆ ತಳ್ಳುತ್ತವೆ. ಆದರೆ ಸ್ಟೀರಿಂಗ್ ಎಲೆಕ್ಟ್ರಿಕ್. ಟೈರ್ ಏನು ಮಾಡುತ್ತಿದೆ ಎಂದು ಕೈಗೆ ಅಷ್ಟಾಗಿ ತಿಳಿಯುವುದಿಲ್ಲ. ಇನ್ನು ರನ್‌ಫ್ಲ್ಯಾಟ್ ಟೈರ್, ಅಂದರೆ ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವಂಥದ್ದು. ಅದರ ಬದಿ ಗಟ್ಟಿ, ಸರ್ವಿಸ್ ರೋಡಿಗೆ ಇಳಿದ ಕೂಡಲೇ ಸೊಂಟಕ್ಕೆ ಲೆಕ್ಕ ಸಿಗುತ್ತದೆ. ಸ್ಟೆಪ್ನಿಯೂ ಇಲ್ಲ. ಈ ಎಂಜಿನ್‌ನಲ್ಲಿ ಹೈ ಪ್ರೆಶರ್ ಫ್ಯೂಯೆಲ್ ಪಂಪ್ ಮತ್ತು ಇಂಜೆಕ್ಟರ್ ಕೈಕೊಡುವುದು ಲೋಕಕ್ಕೇ ಗೊತ್ತಿರುವ ವಿಷಯ. ಬದಲಾಯಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಆ ಖರ್ಚು ನಿಮ್ಮದೇ ಎಂದು ಲೆಕ್ಕ ಹಾಕಿ.

ಎಸ್‌ಎಲ್‌ಕೆಯ 3.5 ಲೀಟರ್ ವಿ6ಗೆ ಟರ್ಬೋ ಇಲ್ಲ, ಅವಸರವೂ ಇಲ್ಲ. ಮಂಗಳೂರಿನ ಬಿಜೈ, ಕದ್ರಿ ಏರುತಗ್ಗಿನಲ್ಲಿ, ಬಸ್ಸಿನ ಹಿಂದೆ ನಿಂತು ನಿಂತು ಹೋಗುವಾಗ ಇದೇ ಸುಖ. ಹಂಪ್ ಕಂಡಲ್ಲೆಲ್ಲ ಉಸಿರು ಬಿಗಿ ಹಿಡಿಯಬೇಕಾಗಲಿಲ್ಲ, ಓರೆಯಾಗಿ ಹತ್ತಿಸಿದರೆ ಸಾಕು. ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಕಿವಿಗೊಡಿ. ಟೈಮಿಂಗ್ ಚೈನ್ ಕಡೆಯಿಂದ ಗಲಗಲ ಬಂದರೆ ಅದು ಈ ಎಂಜಿನ್‌ನ ಹಳೇ ಕಾಯಿಲೆ. ಸೀಟಿನಲ್ಲಿ ಕುತ್ತಿಗೆಗೆ ಬಿಸಿಗಾಳಿ ಊದುವ ಏರ್‌ಸ್ಕಾರ್ಫ್ ಉಂಟು. ಮಲ್ಪೆಯಲ್ಲಿ ಅದು ಯಾರಿಗೆ ಬೇಕು ಮಾರಾಯ್ರೇ!

ಇನ್ನು ಬಾಕ್ಸ್‌ಸ್ಟರ್. ಓನರ್ ಪಕ್ಕದಲ್ಲಿ ಕೂತು, ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಲು ಬಿಟ್ಟರು. ಎಂಜಿನ್ ಸೀಟಿನ ಹಿಂದೆ, ಕಾರಿನ ನಡುವಿನಲ್ಲಿ ಕೂತಿದೆ. ಆರು ಸಿಲಿಂಡರ್ ಅಡ್ಡಲಾಗಿ ಮಲಗಿವೆ, ಭಾರವೆಲ್ಲ ಕೆಳಗೆ. ಹೇರ್‌ಪಿನ್ ತಿರುವಿನಲ್ಲಿ ಮೂತಿ ಹೇಳಿದ ಕಡೆ ಹೋಗುತ್ತದೆ, ಹಿಂದಿನ ಭಾಗ ಹಠ ಮಾಡದೆ ಹಿಂಬಾಲಿಸುತ್ತದೆ. ಸ್ಟೀರಿಂಗ್ ಇನ್ನೂ ಹೈಡ್ರಾಲಿಕ್ ಕಾಲದ್ದು, ರಸ್ತೆಯ ಒಂದೊಂದು ತೇಪೆಯೂ ಅಂಗೈಗೆ ಸಿಗುತ್ತದೆ. ಐವತ್ತು ಹಾರ್ಸ್‌ಪವರ್ ಕಡಿಮೆ ಎಂದು ಒಮ್ಮೆಯೂ ಅನಿಸಲಿಲ್ಲ. ಘಾಟಿಯಲ್ಲಿ ಉಳಿದೆರಡು ಇದರ ಹತ್ತಿರಕ್ಕೂ ಬರುವುದಿಲ್ಲ.

ಬಾಕ್ಸ್‌ಸ್ಟರ್ ನೋಡುವವರು 2009ರಿಂದ ಈಚಿನ ಎಂಜಿನ್ ಇರುವುದನ್ನೇ ಹುಡುಕಿ. ಅದಕ್ಕೆ ಮುಂಚಿನವುಗಳಲ್ಲಿ ಎಂಜಿನ್ ಒಳಗಿನ ಒಂದು ಶಾಫ್ಟಿಗೆ ಐಎಂಎಸ್ ಬೇರಿಂಗ್ ಎಂಬುದೊಂದಿದೆ. ಅದು ಮುರಿದರೆ ಇಡೀ ಎಂಜಿನ್ ಹೋದಂತೆ. 2009ರ ಎಂಜಿನ್‌ನಲ್ಲಿ ಅದನ್ನು ತೆಗೆದೇ ಹಾಕಿದರು.

ಡಿಕ್ಕಿಯ ವಿಷಯದಲ್ಲೂ ಇದೇ ಜಾಣ. ಮುಂದೆ 150 ಲೀಟರ್, ಹಿಂದೆ 130 ಲೀಟರ್. ಟಾಪ್ ತೆರೆದರೂ ಅಷ್ಟೇ ಇರುತ್ತದೆ. ಝಡ್4ನಲ್ಲಿ 310 ಇದ್ದದ್ದು ಟಾಪ್ ಮಡಚಿದರೆ 180ಕ್ಕೆ ಇಳಿಯುತ್ತದೆ, ಎಸ್‌ಎಲ್‌ಕೆಯಲ್ಲಿ 335ರಿಂದ 225ಕ್ಕೆ. ಆಗ ಕುಚ್ಚಲಕ್ಕಿ ಚೀಲವನ್ನು ಮಡಚಿದ ಟಾಪಿನ ಕೆಳಗೆ ತುರುಕಬೇಕು.

ಹಾಗಾದರೆ ಬಾಕ್ಸ್‌ಸ್ಟರೇ ಅಲ್ವಾ? ಬೆಂಗಳೂರಿನಲ್ಲಿದ್ದಿದ್ದರೆ ಹೌದು. ಇಲ್ಲಿ ಎರಡು ತೊಂದರೆ. ಬಟ್ಟೆಯ ಟಾಪಿನ ಬುಡದಲ್ಲಿ ನೀರು ಹರಿದು ಹೋಗಲು ತೂತುಗಳಿವೆ. ಮಾವಿನ ಎಲೆ, ತೆಂಗಿನ ಹೂವು ಸೇರಿ ಅವು ಕಟ್ಟಿದರೆ ನೀರು ಒಳಗೇ ಇಳಿಯುತ್ತದೆ. ನಾನು ನೋಡಿದ ಕಾರಿನ ಕಾರ್ಪೆಟ್ ಅಡಿಗೆ ಕೈ ಹಾಕಿದರೆ ಒದ್ದೆ, ಸೀಟಿನ ಲೆದರಿಗೆ ಬೂಷ್ಟು. ಗಟ್ಟಿ ಟಾಪಿನವಕ್ಕೂ ಇಂಥ ತೂತು, ರಬ್ಬರ್ ಬೀಡಿಂಗ್ ಎಲ್ಲ ಇವೆ. ಆದರೆ ಬಟ್ಟೆಗೆ ಪಾಚಿ ಹಿಡಿಯುವ ಭಯ ಅವಕ್ಕಿಲ್ಲ. ಎರಡನೆಯದು, ಬಾಕ್ಸ್‌ಸ್ಟರಿನ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್ ಮೂತಿಯ ಎರಡು ಬದಿಯಲ್ಲಿ, ಬಂಪರ್ ಬಾಯಿಯ ಹಿಂದೆಯೇ ಇವೆ. ಅಲ್ಲಿ ಕಸ ತುಂಬುತ್ತದೆ. ಕಸಕ್ಕೆ ಕಡಲಿನ ಉಪ್ಪುಗಾಳಿಯ ತೇವ ಸೇರಿದರೆ ಕಂಡೆನ್ಸರ್ ಒಳಗೊಳಗೇ ತಿಂದುಹೋಗುತ್ತದೆ. ಟಾರ್ಚ್ ಹಾಕಿ ನೋಡಿ, ಕಾಣುತ್ತದೆ. ಮೀನಿನ ಲಾರಿಯ ಹಿಂದೆ ಹೋದವರಿಗೆ ಬೇರೆ ಹೇಳಬೇಕಾಗಿಲ್ಲ. ಅದರಿಂದ ಸೋರುವ ನೀರು ಮೂತಿಗೂ ಬೀಳುತ್ತದೆ, ಟಾಪ್ ತೆರೆದಿದ್ದರೆ ನಮ್ಮ ಮೇಲೂ.

ಗಟ್ಟಿ ಟಾಪಿನದನ್ನು ನೋಡುವಾಗ ಓನರಿಗೆ ನಾಲ್ಕೈದು ಸಲ ತೆರೆದು ಮುಚ್ಚಲು ಹೇಳಿ. ಎರಡಕ್ಕೂ ಸುಮಾರು 20 ಸೆಕೆಂಡ್ ಸಾಕು. ನಡುವೆ ತಡವರಿಸಿದರೆ ಹೈಡ್ರಾಲಿಕ್ ಅಥವಾ ವೈರಿಂಗ್ ನೋಡಿಸಬೇಕು. ಆಮೇಲೆ ಮುಚ್ಚಿ, ಪೈಪಿನಲ್ಲಿ ನೀರು ಬಿಡಿಸಿ, ಒಳಗೆ ಕೂತುಕೊಳ್ಳಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಸುಮ್ನೆ ನಮಸ್ಕಾರ ಹೇಳಿ ಬನ್ನಿ. ನನ್ನ ಎದುರು ಎಸ್‌ಎಲ್‌ಕೆ ಒಂದು ಹನಿ ಸೋರಲಿಲ್ಲ. ಝಡ್4 ಬಲ ಕಿಟಕಿಯ ಮೇಲೆ ಸ್ವಲ್ಪ ಜಿನುಗಿತು.

ಝಡ್4ಗೆ ಇನ್ನೊಂದು ಕೊಕ್ಕೆ ಇತ್ತು, ದೆಹಲಿ ನಂಬರ್. ಅಲ್ಲಿ ಪೆಟ್ರೋಲ್ ಕಾರಿಗೆ 15 ವರ್ಷದ ಮಿತಿ ಹಾಕಿದ್ದರಿಂದ ಪ್ರಾಯವಾದವು ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಎನ್‌ಒಸಿ ತಂದು ಉಡುಪಿಯ ಕೆಎ-20 ನಂಬರ್ ಮಾಡಿಸುವಾಗ ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಬೇಕು. ಪ್ರಾಯ ನೋಡಿ ಟ್ಯಾಕ್ಸ್ ಕಡಿಮೆ ಮಾಡುತ್ತಾರೆ ನಿಜ, ಆದರೂ ಲೆಕ್ಕ ಶುರುವಾಗುವುದು ಕಾರು ಹೊಸದಿದ್ದಾಗಿನ ಬೆಲೆಯಿಂದ. ಅಗ್ಗದ ಸಂತೋಷ ಅರ್ಧ ಅಲ್ಲೇ ಮುಗಿಯಿತು. ಎಸ್‌ಎಲ್‌ಕೆ ಮಂಗಳೂರಿನ ಕೆಎ-19ರದು. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿದರೆ ಆಯಿತು. ನಾನು ಅಡ್ವಾನ್ಸ್ ಕೊಟ್ಟದ್ದು ಎಸ್‌ಎಲ್‌ಕೆಗೇ. ಬಾಕ್ಸ್‌ಸ್ಟರಿನ ಓನರ್ ಕಾರ್ಪೆಟ್ ಒಣಗಿಸಿದ್ದೇನೆ, ಇನ್ನೊಮ್ಮೆ ಬನ್ನಿ ಎಂದು ಫೋನ್ ಮಾಡಿದ್ದರು. ಹೋದರೆ ಮನಸ್ಸು ಬದಲಾಗುತ್ತದೆ ಎಂದು ಹೋಗಲಿಲ್ಲ.